ಕುರ್ಚಿಯಲ್ಲಿ ಕೂತವಳು

ಪಿತೃಪಕ್ಷದ ಅಮಾವಾಸ್ಯೆಗೆ ಕೆ.ಆರ್. ಪುರದ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಗೋಡೆಯ ಮೇಲಿನ ಮುತ್ತಜ್ಜಿಯ ಫೋಟೋಗೆ ಹೂವು, ಕೆಳಗೆ ಹೊಸ ಸೀರೆ, ಮುದ್ದೆ, ಮಾಂಸದ ಸಾರು. 1999ರಲ್ಲಿ ನನಗೆ ಹದಿನೇಳು ವರ್ಷ. ಮನೆತನದ ವಂಶಾವಳಿಗೆಂದು ಒಂದು ನೋಟ್‌ಬುಕ್ ಇಟ್ಟಿದ್ದೆ. ಇಬ್ಬರು ಬೇರೆ ಬೇರೆಯಾಗಿ ಒಂದೇ ಮಾತು ಹೇಳುವ ತನಕ ಯಾರನ್ನೂ ಪೆನ್ನಿನಲ್ಲಿ ಬರೆಯುತ್ತಿರಲಿಲ್ಲ, ಅಲ್ಲಿಯವರೆಗೆ ಪೆನ್ಸಿಲ್.

ಆ ಫೋಟೋದ ಮೂಲ ಅಜ್ಜಿಯ ಟ್ರಂಕಿನಲ್ಲಿ ಸಿಕ್ಕಿತು. ಅದರಲ್ಲಿ ನಾಲ್ವರಿದ್ದರು. ಕುರ್ಚಿಯಲ್ಲಿ ಒಬ್ಬ ಹೆಂಗಸು, ಹಿಂದೆ ಮುಖ ತಿರುಗಿಸಿ ನಿಂತ ಇನ್ನೊಬ್ಬಳು, ಪಕ್ಕದಲ್ಲಿ ಹುಡುಗನಾಗಿದ್ದ ನಮ್ಮ ತಾತ, ತಾತನ ಪುಟ್ಟ ತಂಗಿ. ಹದಿನಾಲ್ಕು ವರ್ಷದ ಹಿಂದೆ, ತಾತ ತೀರಿಕೊಂಡ ಮೇಲೆ, ದೊಡ್ಡಪ್ಪ ಇದನ್ನು ಕಮರ್ಷಿಯಲ್ ಸ್ಟ್ರೀಟ್ ಹತ್ತಿರದ ಸ್ಟುಡಿಯೋಗೆ ಒಯ್ದು, ಕುರ್ಚಿಯಲ್ಲಿ ಕೂತವಳನ್ನಷ್ಟೇ ದೊಡ್ಡದು ಮಾಡಿಸಿದ್ದರು. ಕುರ್ಚಿ ಹಿರಿಯರಿಗಲ್ಲದೆ ಮತ್ಯಾರಿಗೆ?

ಆ ಪುಟ್ಟ ತಂಗಿ ಈಗ ಹಲಸೂರಿನಲ್ಲಿದ್ದ ಚಿಕ್ಕಜ್ಜಿ; ನಮ್ಮ ಮನೆಯ ಹೊಸ್ತಿಲು ತುಳಿದು ಎಷ್ಟೋ ವರ್ಷವಾಗಿತ್ತು. ಹೋಗಿ ತೋರಿಸಿದೆ. ನಕ್ಕುಬಿಟ್ಟರು.

“ಕೂತಿರೋಳು ನಮ್ಮಕ್ಕ ಕಣೇ! ಅವ್ವ ಹಿಂದೆ ನಿಂತವ್ಳೆ ನೋಡು. ಫೋಟೋ ತೆಗೆಸಿದ್ರೆ ಆಯಸ್ಸು ಕಮ್ಮಿ ಆಗ್ತದೆ ಅಂತ ಹೆದರ್ಕೊಂಡಿದ್ಲು.”

ಅಕ್ಕ ಗಂಡನ ಮನೆ ಬಿಟ್ಟು ಬಂದವಳು. ಶಿವಾಜಿನಗರದಲ್ಲಿ ಸೊಪ್ಪು ಮಾರಿ ತಮ್ಮನನ್ನೂ ತಂಗಿಯನ್ನೂ ಸಾಕಿದಳು. ಆಮೇಲೆ ಒಬ್ಬ ತಮಿಳು ಗಾರೆಯವನ ಜೊತೆ ಬಾಳಲು ಹೋದಳು.

“ಅವತ್ತಿಂದ ಅವಳ ಸುದ್ದಿ ಎತ್ತಂಗಿಲ್ಲ. ಸತ್ತಾಗ್ಲೂ ನಿಮ್ಮನೆಯಿಂದ ಒಂದು ನರಪಿಳ್ಳೆ ಬರ್ಲಿಲ್ಲ.”

ಎರಡನೇ ಸಾಕ್ಷಿ ಅಜ್ಜಿ, ತಾತನ ಹೆಂಡತಿ. ಸೊಪ್ಪು ಬಿಡಿಸುತ್ತಾ ತಲೆಯೆತ್ತದೆ ಹೇಳಿದಳು: “ಫೋಟೋ ಬಂದ ದಿನಾನೇ ಗೊತ್ತಾಯ್ತು. ಮದ್ವೆಯಾಗಿ ಬಂದಾಗ ನನ್ನ ತಲೆ ಬಾಚ್ತಿದ್ದೋಳು ಅವಳೇ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಇಳಿಸ್ಬಿಡ್ತಿದ್ರು.”

ಹದಿನಾಲ್ಕು ವರ್ಷ ಅವಳು ಬೇರೆಯವರ ಹೆಸರಿನಲ್ಲಿ ಉಂಡಿದ್ದಳು. ಅದು ಸಾಲದು ಎಂದೆ.

“ಹಂಗಾದ್ರೆ ಹೇಳು,” ಎಂದಳು ಅಜ್ಜಿ. “ಇಳಿಸೋಕೆ ಮಾತ್ರ ಬಿಡ್ಬೇಡ.”

ಅಮಾವಾಸ್ಯೆಯ ದಿನ ಎಲ್ಲರ ಎದುರು ಹೇಳಿದೆ. ದೊಡ್ಡಪ್ಪ ಫೋಟೋದ ಕೆಳಗೆ ಸ್ಟೂಲ್ ಎಳೆದು ತಂದರು. ಅವರು ಹತ್ತುವ ಮೊದಲೇ ನಾನು ಅದರ ಮೇಲೆ ಕೂತುಬಿಟ್ಟೆ.

“ಏಳೇ. ಓಡ್ಹೋದೋಳಿಗೆ ಈ ಮನೇಲಿ ಎಡೆ ಇಲ್ಲ.”

“ಹದಿನಾಲ್ಕು ಅಮಾವಾಸ್ಯೆ ಅಡ್ಡಬಿದ್ದಿದ್ದೀರ ದೊಡ್ಡಪ್ಪ. ಮನೆಗೆ ಪಾಯ ಹಾಕಿದಾಗ, ಮದುವೆ ಪತ್ರಿಕೆ ಇಟ್ಟಾಗ ಬಿದ್ದಿದ್ದು ಬೇರೆ. ಅದನ್ನೂ ಸೇರಿಸ್ಲಾ?”

“ಗೊತ್ತಿಲ್ದೆ ಬಿದ್ದಿದ್ದು!”

“ನಿಮ್ಮಪ್ಪನ್ನ ಸಾಕಿದೋಳು. ಈಗ ಗೊತ್ತಾಯ್ತಲ್ಲ, ಇನ್ನೊಂದು ಸಲ ಬೀಳಿ.”

“ಇದಕ್ಕೇನಾ ನಿನ್ನ ಕಾಲೇಜಿಗೆ ಕಳಿಸಿದ್ದು?”

ನಾನು ಏಳಲಿಲ್ಲ. ಅಷ್ಟರಲ್ಲಿ ಅಜ್ಜಿ ಎರಡು ಬಾಳೆಎಲೆ ತಂದಳು. ಒಂದನ್ನು ಟ್ರಂಕಿನ ಫೋಟೋದ ಮುಂದೆ, ಮುತ್ತಜ್ಜಿಗೆ ಹಾಸಿದಳು. ಇನ್ನೊಂದನ್ನು ಗೋಡೆಯ ಕೆಳಗೆ, ನನ್ನ ಕಾಲ ಬಳಿ. ಹೊಸ ಸೀರೆಯೂ ಅಲ್ಲಿಗೇ ಹೋಯಿತು. ದೊಡ್ಡಪ್ಪ ಅವರಮ್ಮನ ಮುಖ ನೋಡಿದರು. ಅಜ್ಜಿ ಮುದ್ದೆ ಬಡಿಸುತ್ತಿದ್ದಳು.

ಎಡೆ ಇಟ್ಟಮೇಲೆ, ಹಿರಿಯರು ಬಂದು ಉಣ್ಣಲೆಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುವುದು ಪದ್ಧತಿ. ನಿಂತೆವು. ದೊಡ್ಡಪ್ಪ ಅಡ್ಡಬೀಳಲಿಲ್ಲ; ಬೀದಿಗೆ ಮುಖ ಮಾಡಿ ಕೈಕಟ್ಟಿ ನಿಂತರು. ಅಜ್ಜಿ ಬಾಗಿಲಿಗೆ ಬಾಯಿಟ್ಟು, ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ ಕೂಗಿದಳು:

“ಅತ್ತಿಗೇ, ಯಾರಿಗೂ ಹೆದರ್ಕೋಬೇಡಿ. ನಿಧಾನವಾಗಿ ಉಣ್ಣಿ.”