ಹೆಂಗಸರ ಕೈಯ ಸೀರೆ

ಗಜೇಂದ್ರಗಡದ ನಮ್ಮ ಮನೆಯ ನಡುಮನೆಯಲ್ಲೇ, ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಕುಣಿ. ಅಪ್ಪನ ಮೊಣಕಾಲು ಬಾತು ಕುಣಿಗಿಳಿಯಲು ಆಗದೆ ಹೋದಾಗ ಅವ್ವ ಇಳಿದಳು. ಐದಾರು ತಿಂಗಳು ಸೀರೆಗಳೆಲ್ಲ ಅವಳವೇ. ನೂಲು ಕೊಟ್ಟು ನೇಯಿಸಿಕೊಳ್ಳುವ ಸಾವಕಾರನ ಅಂಗಡಿಗೆ ಮಾತ್ರ ಅವು ಅಪ್ಪ ನೇಯ್ದವು ಎಂದು ಹೋಗುತ್ತಿದ್ದವು. ಗಂಡಸು ನೇಯ್ದರೆ ಒಂದು ಮಜೂರಿ, ಅದೇ ಸೀರೆ ಹೆಂಗಸು ನೇಯ್ದರೆ ಅದಕ್ಕಿಂತ ಕಡಿಮೆ. ಯಾವ ಮಹಾನುಭಾವ ಮಾಡಿದ ಕಾಯದೆಯೋ, ಅವನ ಬಾಯಿಗೆ ಮಣ್ಣು ಬೀಳಲಿ!

ನನಗಾಗ ಹನ್ನೊಂದು ವರ್ಷ. ಒಂದು ದಿನ ಸೀರೆ ಕೊಡಲು ಅಪ್ಪನ ಜೊತೆ ಹೋಗಿದ್ದೆ. ಸಾವಕಾರ ಸೆರಗು ಹರವಿ, ಫೋನಿನಲ್ಲಿ ಫೋಟೊ ಹೊಡೆದು, “ಏನ್ ಕೈನಪಾ ನಿಂದು!” ಎಂದ. ನನ್ನ ಬಾಯಿ ಸುಮ್ಮನಿದ್ದೀತೇ? “ನಮ್ಮವ್ವ ನೇದಾಳ್ರಿ!” ಎಂದುಬಿಟ್ಟೆ. ಸಾವಕಾರ ನನ್ನ ಗಲ್ಲ ಹಿಂಡಿ ನಕ್ಕ. ಅಂದಿನಿಂದಲೇ ಮಜೂರಿ ಇಳಿಸಿದ. ಅವ್ವ ನನಗೆ ಹೊಡೆಯಲಿಲ್ಲ. ನಾಲ್ಕು ಬಾರಿಸಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಅವ್ವ ಬಿಡುವ ಹೆಂಗಸಲ್ಲ. ಕಾಲಿನ ಬಾವು ತುಸು ಇಳಿದ ಮೇಲೆ ಅಪ್ಪನಿಂದ ಒಂದು ಸೀರೆ ನೇಯಿಸಿದಳು, ಅದೇ ಬಣ್ಣದ್ದು ಇನ್ನೊಂದು ತಾನೇ ನೇಯ್ದಳು. ಎರಡಕ್ಕೂ ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಟ್ಟವಳು ನಾನು. ನೋವಿನಲ್ಲಿ ಕೂತು ನೇಯ್ದ ಅಪ್ಪನ ಸೀರೆಯ ದಡಿ, ಅಂದರೆ ಅಂಚು, ಒಂದು ಕಡೆ ಸುಲಭಕ್ಕೆ ಕಣ್ಣಿಗೆ ಬೀಳದಷ್ಟು ಸಡಿಲಾಗಿತ್ತು. ಎರಡನ್ನೂ ಬಗಲಲ್ಲಿಟ್ಟುಕೊಂಡು ಅವ್ವ ಹೊರಟಳು, ಹಿಂದೆ ನಾವಿಬ್ಬರು.

ಅಂಗಡಿಯಲ್ಲಿ ಏಳೆಂಟು ಜನ ನೇಕಾರರು ಕೂತಿದ್ದರು. ಅವ್ವ ಸೀರೆಗಳನ್ನು ಪಕ್ಕಪಕ್ಕ ಹರವಿದಳು.

“ಸಾವ್ಕಾರ್ರ, ಯಾವ್ದು ಗಂಡಸಿಂದು, ಯಾವ್ದು ಹೆಂಗಸಿಂದು, ನೀವ ಹೇಳ್ರಿ. ತಿಳೀಲಿಲ್ಲಂದ್ರ ಎರಡಕ್ಕೂ ಒಂದ ಮಜೂರಿ ಕೊಡ್ರಿ.”

ಅವನು ಮುಟ್ಟಿದ, ತಿರುವಿದ, ಕನ್ನಡಕ ತೆಗೆದು ಮತ್ತೆ ಹಾಕಿಕೊಂಡ. ಯಾರೋ ಕಿಸಕ್ಕೆಂದರು. ನನಗೆ ಕುಣಿಯುವಷ್ಟು ಖುಷಿ. ಆದರೆ ಅವನೇನು ಕಡಿಮೆ ಆಸಾಮಿಯೇ?

“ಆತಬೇ. ಎರಡೂ ಒಂದ ಅಂದ್ರ ಗಂಡಸರಿಗೆ ಹೆಚ್ಚಿಗಿ ಯಾಕ ಕೊಡ್ಲಿ? ನಾಳಿಯಿಂದ ಎಲ್ಲಾರಿಗೂ ಹೆಂಗಸರ ಮಜೂರಿನ.” ಆಮೇಲೆ ಅಪ್ಪನ ಕಡೆ ತಿರುಗಿದ. “ನೀನ ಹೇಳಪಾ. ಇಬ್ಬರ ಕೈನೂ ಒಂದೇನು?”

ಕೂತಿದ್ದ ಗಂಡಸರೆಲ್ಲ ಅಪ್ಪನನ್ನೇ ನೋಡಿದರು. ಒಬ್ಬ, “ಲಗೂ ಹೇಳೋ ಮಾರಾಯಾ” ಎಂದ. ಅಪ್ಪ ಅವ್ವನ ಸೀರೆಯ ಮೇಲೆ ಕೈಯಿಟ್ಟ.

“ಇದು ನಂದ್ರಿ. ಆಕೀದು ಅದು. ದಡಿ ಸಡ್ಲ ಐತಿ ನೋಡ್ರಿ.”

“ಹಾಂ, ಹಂಗ ಬಾ ದಾರಿಗೆ!” ಸಾವಕಾರ ತೊಡೆ ತಟ್ಟಿಕೊಂಡು ನಕ್ಕ. ಕಿಸಕ್ಕೆಂದವರೂ ನಕ್ಕರು. ಅವ್ವ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ನನ್ನ ಬಳೆಯೊಂದು ಒಡೆದು ನನಗೇ ಚುಚ್ಚಿತು. ನಾನು ಬಾಯಿ ತೆರೆಯಲಿಲ್ಲ.

ದಾರಿಯಲ್ಲಿ ಅಪ್ಪ ಕುಂಟುತ್ತ ಹೇಳಿದ, “ನಾ ಏನ್ ಮಾಡ್ಲಿ? ಅಷ್ಟೂ ಮಂದಿ ಹೊಟ್ಟಿ ಮ್ಯಾಲ ಕಲ್ಲ ಬೀಳತಿತ್ತು.”

“ನನಗ ಹೊಟ್ಟಿ ಇಲ್ಲೇನ್ರಿ?” ಎಂದಳು ಅವ್ವ.

ಮರುದಿನ ಮತ್ತೆ ಅಪ್ಪನ ಕಾಲು ಬಾತಿತು, ಅವ್ವನೇ ಕುಣಿಗಿಳಿದಳು. ಕಣ್ಣು ಮಂಜಾಗುವವರೆಗೂ ಹೆಂಗಸರ ಮಜೂರಿಗೇ ನೇಯ್ದಳು. ನಾನು ಅಪ್ಪನನ್ನು ಕ್ಷಮಿಸಿಲ್ಲ, ಕ್ಷಮಿಸುವ ವಿಚಾರವೂ ಇಲ್ಲ. ಕಾಲಿನ ನೋವು ನನಗೆ ಗೊತ್ತು, ಬಡತನವೂ ಗೊತ್ತು. ಆದರೆ ಅವ್ವ ಸೀರೆ ಒಯ್ದಾಗಲೆಲ್ಲ ಸಾವಕಾರ ದಡಿ ಸವರಿ, “ಇನ್ನ ಸ್ವಲ್ಪ ಬಿಗಿ ಹಿಡಿಯವ್ವಾ, ಗಂಡನ ಕಡೆ ಕಲಿ” ಎನ್ನುತ್ತಿದ್ದ. ಅವ್ವ “ಹೂನ್ರಿ” ಎನ್ನುತ್ತಿದ್ದಳು. ಪಕ್ಕದಲ್ಲಿ ನಿಂತ ಅಪ್ಪ ಹೌದೆಂದು ತಲೆಯಾಡಿಸುತ್ತಿದ್ದ.