ಕರ್ತರಿಗೆ ಚಿತ್ತವಾದರೆ ವೆಲ್ಡರ್ ಬರುತ್ತಾನೆ

ಗೇಟು ಬಿದ್ದದ್ದು ಬೆಳಿಗ್ಗೆ ಏಳು ನಲವತ್ತಕ್ಕೆ. ಸ್ಕೂಲ್ ವ್ಯಾನು ಬೀದಿಯ ತಿರುವಿನಲ್ಲಿ ಹಾರ್ನ್ ಹೊಡೆಯುವ ಹೊತ್ತು ಅದು. ಹಾರ್ನ್ ಮುಗಿಯುವುದರೊಳಗೆ ಆ ಸದ್ದು ಬಂತು. ನಾನು ಬಾಚಣಿಗೆ ಹಿಡಿದು ಮಹಡಿ ಮೆಟ್ಟಿಲ ಮೇಲೆ ನಿಂತಿದ್ದೆ. ಈಗಲೂ ಯಾರಾದರೂ ಅಂಗಡಿಯ ಶಟರ್ ಎಳೆದರೆ ನನ್ನ ಬಲಗೈ ಇಲ್ಲದ ಬಾಚಣಿಗೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ತಿರುಪ್ಪೂರಿನಲ್ಲಿ ನಮ್ಮದು ಮಹಡಿಯ ಮೇಲಿನ ಬಾಡಿಗೆ ಮನೆ. ಗಂಡನಿಗೆ ಬನಿಯನ್ ಕಂಪನಿಯಲ್ಲಿ ಕೆಲಸ. ಶಿಪ್‌ಮೆಂಟ್ ಹತ್ತಿರ ಬಂದರೆ ಅವರ ವಾಸ ಅಲ್ಲೇ. ಮನೆಯಲ್ಲಿ ಇದ್ದದ್ದು ನಾನು, ಎರಡನೇ ಕ್ಲಾಸಿನ ಮಗಳು, ಹತ್ತಿರದ ಅನ್ನೂರಿನಿಂದ ಬಂದಿದ್ದ ಅತ್ತೆ. ಕೆಳಗಿನ ಮನೆಯಲ್ಲಿ ಓನರು ಮತ್ತು ಅವರ ಹೆಂಡತಿ. ಓನರು ಬ್ಯಾಂಕಿನಿಂದ ನಿವೃತ್ತರಾದವರು, ಚರ್ಚಿನಲ್ಲಿ ಹಿರಿಯರು. ಹೆಂಡತಿ ಶಾಲೆಯಿಂದ ನಿವೃತ್ತರಾದರೂ ಬೀದಿಗೆಲ್ಲ ಇನ್ನೂ ಟೀಚರಮ್ಮ. ಅವರೊಡನೆ ನಮ್ಮ ಮಾತೆಲ್ಲ ತಮಿಳಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

ಅವರು ದೇವರನ್ನು ಕರ್ತರು ಎನ್ನುತ್ತಾರೆ. ನಾಳೆಯ ಯಾವ ಕೆಲಸದ ಮಾತಿಗೂ ಮುಂದೆ 'ಕರ್ತರಿಗೆ ಚಿತ್ತವಾದರೆ' ಎಂದು ಸೇರಿಸುವುದು ಅವರ ಪದ್ಧತಿ. ನಾಳೆ ನಮ್ಮ ಕೈಯಲ್ಲಿಲ್ಲ ಎಂಬ ವಿನಯ ಅದು. ನಮ್ಮ ಓನರ ಬಾಯಲ್ಲಿ ಮಾತ್ರ ಆ ವಿನಯ ಒಳ್ಳೆಯ ದಿಂಬಿನಂತೆ ಮೆತ್ತಗಾಗಿತ್ತು. ತಳ್ಳುವ ಗೇಟಿನ ಹಳಿಯ ತುದಿಯಲ್ಲಿ, ಗೇಟು ಮೀರಿ ಹೋಗದಂತೆ ತಡೆಯುವ ಕಬ್ಬಿಣದ ತುಂಡು ಕಳಚಿ ಬಿದ್ದು ಮಳೆಗಾಲವೊಂದು ಕಳೆದಿತ್ತು.

"ಐಯಾ, ಗೇಟಿನ ಸ್ಟಾಪರ್?"

"ಕರ್ತರಿಗೆ ಚಿತ್ತವಾದರೆ ಸೋಮವಾರ ವೆಲ್ಡರ್ ಬರ್ತಾನಮ್ಮ."

"ಆ ನಲ್ಲಿ?" ನಡೆಯುವ ದಾರಿಗೆ ಅಡ್ಡವಾಗಿ ಚಾಚಿಕೊಂಡಿದ್ದ ನಲ್ಲಿ ಅದು. ಎಲ್ಲರ ಮೊಣಕೈಗೂ ಅದರ ಪರಿಚಯವಿತ್ತು.

"ಅದೂ ಕರ್ತರಿಗೆ ಚಿತ್ತವಾದರೆ."

ಕರ್ತರಿಗೆ ಯಾವ ಸೋಮವಾರವೂ ಚಿತ್ತವಾಗಲಿಲ್ಲ.

ಆ ದಿನ ಹಾರ್ನ್ ಕೇಳಿ ಮಗಳು ಓಡಿದಳು. ಓನರು ತಾವೇ ಉತ್ಸಾಹದಿಂದ ಗೇಟನ್ನು ಎಳೆದರು. ಗೇಟು ತುದಿ ಮುಟ್ಟಿತು, ತಡೆಯುವುದೇನೂ ಇಲ್ಲದೆ ಮುಂದೆ ಹೋಯಿತು, ಹಳಿ ಬಿಟ್ಟಿತು, ಒಳಗಡೆಗೆ ವಾಲಿತು. ಅದೇ ಕ್ಷಣಕ್ಕೆ ಮಗಳ ಬ್ಯಾಗಿನ ಪಟ್ಟಿ ನಲ್ಲಿಗೆ ಸಿಕ್ಕಿಕೊಂಡಿತು. ಅವಳು ಹಿಂದಕ್ಕೆ ಜಗ್ಗಿದಂತಾಗಿ ಕುಂಡೆಯೂರಿ ಕುಳಿತಳು. ಕೈಯಲ್ಲಿದ್ದ ಊಟದ ಚೀಲ ಮುಂದಕ್ಕೆ ಹಾರಿತು. ಗೇಟು ಚೀಲದ ಮೇಲೆ ಬಿತ್ತು. ಅವಳ ಶೂಗೂ ಕಬ್ಬಿಣಕ್ಕೂ ನಡುವೆ ಒಂದು ಗೇಣು.

ಧೂಳು ಇಳಿದ ಮೇಲೆ ಮೊದಲು ಮಾತಾಡಿದ್ದು ಅವಳೇ. "ಅಮ್ಮಾ, ಇಡ್ಲಿ ದೋಸೆ ಆಗೋಯ್ತು."

ನಾನು ಮೆಟ್ಟಿಲು ಹೇಗೆ ಇಳಿದೆನೋ ತಿಳಿಯದು. ಅವಳನ್ನು ಅಪ್ಪಿಕೊಂಡು, ತಲೆಯಿಂದ ಕಾಲಿನವರೆಗೆ ಮುಟ್ಟಿ ನೋಡಿ, ಮತ್ತೆ ಮೊದಲಿನಿಂದ ಮುಟ್ಟಿ ನೋಡಿದೆ. ಓನರು ಎರಡೂ ಕೈ ಮೇಲೆತ್ತಿ ನಿಂತಿದ್ದರು. "ಸ್ತೋತ್ರಂ! ಕರ್ತರು ಕಾಪಾಡಿದರು!" ಅವರೂ ಹೆದರಿದ್ದರು, ಸುಳ್ಳು ಹೇಳಲಾರೆ. ಆದರೆ 'ನಾನು ಸರಿಮಾಡಿಸಬೇಕಿತ್ತು' ಎಂಬ ಮಾತಿಗೆ ನಾನು ಕಾದೆ. ಅದು ಬರಲಿಲ್ಲ.

ಸಂಜೆಯ ಹೊತ್ತಿಗೆ ಅವರಿಗೆ ಇನ್ನೂ ದೊಡ್ಡದೊಂದು ಹೊಳೆದಿತ್ತು. ಮೆಟ್ಟಿಲ ಬುಡಕ್ಕೆ ಬಂದು ನನ್ನನ್ನು ಕರೆದರು. "ಯೋಚನೆ ಮಾಡಿ ನೋಡಮ್ಮ. ಆ ನಲ್ಲಿಯನ್ನ ನಾನು ಹೋದ ತಿಂಗಳೇ ಗೋಡೆ ಕಡೆಗೆ ತಿರುಗಿಸಿಬಿಟ್ಟಿದ್ದರೆ? ಮಗು ಗತಿ? ನನ್ನ ಕೈಯನ್ನ ತಡೆದದ್ದೇ ಕರ್ತರು!"

ಎಂ.ಎಸ್ಸಿ. ಓದಿದ ನಾನು ಆ ತರ್ಕದಲ್ಲಿ ತೂತು ಹುಡುಕತೊಡಗಿದೆ. ಜಗಲಿಯಲ್ಲಿದ್ದ ಅತ್ತೆ ಮಾತ್ರ ತಲೆಯಾಡಿಸಿದರು. "ಸರಿಯಾಗೇ ಹೇಳ್ತಾರೆ ಅಮ್ಮಣಿ. ಎಲ್ಲಾ ತಲೆಯೆಳುತ್ತು, ಹಣೆಬರಹ. ಹಣೇಲಿ ಬರ್ದಿದ್ದು ಗೇಟ್ ಅಳಿಸ್ತದಾ?" ಇಬ್ಬರ ದೇವರೂ ಬೇರೆ, ಬಚಾವಾಗುವ ದಾರಿ ಮಾತ್ರ ಒಂದೇ.

ಒಳಗಿನಿಂದ ಟೀಚರಮ್ಮ ಬಂದರು, ಕೈಯಲ್ಲಿ ಸೌಟು. "ಏನುಂಗ" ಎಂದು ಗಂಡನ ಕಡೆ ತಿರುಗಿದರು. "ನಿಮ್ಮ ಸೋಮಾರಿತನವನ್ನೂ ಕರ್ತರು ಉಪಯೋಗಿಸಿಕೊಂಡರು, ನಿಜ. ಅದು ಅವರ ದೊಡ್ಡತನ. ಅಷ್ಟಕ್ಕೇ ನಿಮ್ಮ ಸೋಮಾರಿತನ ಪುಣ್ಯ ಆಗಿಬಿಡ್ತಾ?"

"ಅವರ ಅಪ್ಪಣೆ ಇಲ್ಲದೆ ಒಂದು ಎಲೆ ಅಲ್ಲಾಡಲ್ಲ ಕಣೇ."

"ಎಲೆ ಅವರು ನೋಡಿಕೊಳ್ತಾರೆ. ಗೇಟು ನೋಡಿಕೊಳ್ಳೋಕೆ ನಿಮ್ಮನ್ನ ಇಟ್ಟಿದ್ದಾರೆ."

ನಾನು ನಡುವೆ ಬಾಯಿ ಹಾಕಿದೆ. "ಹಾಗಾದರೆ ಅರ್ಧ ದೇವರದು, ಅರ್ಧ ನಮ್ಮದು ಅನ್ನೋಣವಾ ಟೀಚರಮ್ಮ?"

"ಪಾಲು ಮಾಡೋಕೆ ಇದೇನು ಅಪ್ಪನ ಜಮೀನಾ? ಪೂರ್ತಿ ಅವರ ಕೈಲಿದೆ. ತಪ್ಪು ಪೂರ್ತಿ ಇವರದು. ಎರಡೂ ಹೇಗೆ ಒಟ್ಟಿಗೆ ಹೊಂದುತ್ತೆ ಅಂತ ನನ್ನ ಕೇಳಬೇಡ, ನಾನು ಗಣಿತದ ಟೀಚರ್. ಆದರೆ ಒಂದನ್ನ ಬಿಟ್ಟು ಇನ್ನೊಂದನ್ನ ಹೇಳಿದರೆ ಲೆಕ್ಕ ತಪ್ಪುತ್ತೆ, ಅಷ್ಟು ಗೊತ್ತು."

ಮರುದಿನದಿಂದ ಕೆಳಗಿನ ಮನೆಯಲ್ಲಿ ಓನರಿಗೆ ಟೀಚರಮ್ಮನ ಪಾಠ ಶುರುವಾಯಿತು.

"ಊಟ ಆಯ್ತೇನೇ?"

"ಕರ್ತರಿಗೆ ಚಿತ್ತವಾದರೆ ಎರಡು ಗಂಟೆಗೆ."

"ಕಾಫಿ?"

"ಚಿತ್ತ ಇನ್ನೂ ಗೊತ್ತಾಗಿಲ್ಲ. ಕಾಯ್ತಾ ಇದ್ದೀನಿ."

ಬಟ್ಟೆ ಒಣಗಿಸುವ ನೆಪದಲ್ಲಿ ನಾನು ಅದನ್ನೆಲ್ಲ ಕೇಳಿಸಿಕೊಂಡು ನಗುತ್ತಿದ್ದೆ. ನಗು ಹಗಲಿಗೆ ಮಾತ್ರ. ಕಣ್ಣು ಮುಚ್ಚಿದರೆ ಗೇಟು ವಾಲುತ್ತಿತ್ತು, ಆ ಕನಸಿನಲ್ಲಿ ನಲ್ಲಿ ಇರುತ್ತಿರಲಿಲ್ಲ. ಎದ್ದು ಮಗಳ ಕಾಲು ಮುಟ್ಟಿ ನೋಡುತ್ತಿದ್ದೆ. ಬೇರೆ ಮನೆ ಹುಡುಕೋಣ ಎಂದು ಗಂಡನಿಗೆ ಹೇಳಿದೆ. ಒಂದು ಮಾತು, ಒಂದೇ ಒಂದು ಮಾತು ಓನರು ಹೇಳಿದ್ದರೆ ನಾನು ಆ ಮನೆಯಲ್ಲಿ ಮಲಗಬಲ್ಲವಳಾಗುತ್ತಿದ್ದೆ. ಗೇಟನ್ನು ನೋಡಿಕೊಳ್ಳುವವರು ಒಬ್ಬರಿದ್ದಾರೆ ಎಂಬ ನಂಬಿಕೆ ಇಲ್ಲದೆ ಮಗುವನ್ನು ಆ ದಾರಿಯಲ್ಲಿ ಕಳಿಸುವುದು ಹೇಗೆ? ಬಿದ್ದ ಗೇಟು ಗೋಡೆಗೆ ಒರಗಿಯೇ ಇತ್ತು. ಬೆಳಿಗ್ಗೆ ಹಾಲು ತರಲು ಹೊರಟ ಓನರ ಕಣ್ಣುಗಳೂ ನನ್ನವಷ್ಟೇ ಕೆಂಪಗಿರುತ್ತಿದ್ದವು. ಗೇಟಿನ ಕಡೆ ನೋಡದೆ ಅವರು ಹೋಗುತ್ತಿದ್ದ ರೀತಿ, ಸಾಲ ಕೊಟ್ಟವನ ಮನೆಯ ಮುಂದೆ ಹಾದುಹೋಗುವವರ ನಡಿಗೆ.

ಶನಿವಾರ ಅವರು ಮೇಲೆ ಬಂದರು. ಭಾನುವಾರದ ಆರಾಧನೆಯಲ್ಲಿ ಸಾಕ್ಷಿ ಹೇಳುತ್ತಾರಂತೆ. ದೇವರು ಮಾಡಿದ ಉಪಕಾರವನ್ನು ಸಭೆಯ ಮುಂದೆ ನಿಂತು ಹೇಳುವುದಕ್ಕೆ ಅವರಲ್ಲಿ ಸಾಕ್ಷಿ ಎನ್ನುತ್ತಾರೆ. ಮಗುವನ್ನು ಕರೆದುಕೊಂಡು ನಾನೂ ಬರಬೇಕಂತೆ. ಹಿಂದೆಯೇ ಟೀಚರಮ್ಮ ಹತ್ತಿ ಬಂದರು.

"ಹೇಳಿ, ಧಾರಾಳವಾಗಿ ಹೇಳಿ. ನೀವು ಅರ್ಧ ಹೇಳಿ ಕೂತರೆ ಉಳಿದರ್ಧ ನಾನು ಎದ್ದು ಹೇಳ್ತೀನಿ." ನನ್ನ ಕಡೆ ತಿರುಗಿ, "ಗೇಟಿನಡಿ ಚಪ್ಪಟೆಯಾದ ಆ ಇಡ್ಲಿ ಡಬ್ಬಿ ಇದೆಯಾ ಚಿನ್ನ? ನಾಳೆ ಒಂದು ದಿನಕ್ಕೆ ಕೊಡು" ಎಂದರು.

ಭಾನುವಾರ ಅತ್ತೆಯೂ ಹೊರಟರು. ಯಾವ ದೇವರಿಗೂ ಬೇಜಾರಾಗಬಾರದು ಎಂದು ತಲೆ ತುಂಬ ಮಲ್ಲಿಗೆ ಮುಡಿದು, ನನ್ನ ಪಕ್ಕದಲ್ಲಿ ಎರಡನೇ ಸಾಲಿನಲ್ಲಿ ಕುಳಿತರು.

ಓನರು ಚೆನ್ನಾಗಿಯೇ ಶುರು ಮಾಡಿದರು. ವ್ಯಾನಿನ ಹಾರ್ನ್, ಓಡಿದ ಮಗು, ವಾಲಿದ ಗೇಟು. ನಲ್ಲಿಯ ಹತ್ತಿರ ಬಂದಾಗ ಸಭೆಯೆಲ್ಲ "ಸ್ತೋತ್ರಂ" ಎಂದಿತು. ಟೀಚರಮ್ಮ ಸದ್ದಿಲ್ಲದೆ ಕೈಚೀಲದಿಂದ ಡಬ್ಬಿಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು. ಇಡ್ಲಿ ಡಬ್ಬಿ ಎಂದು ಗುರುತು ಹಿಡಿಯಲಾಗದ ತಗಡು. ಓನರ ಕಣ್ಣು ಅದರ ಮೇಲೆ ಬಿತ್ತು. ಅವರು ಮೈಕನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು.

"ನಲ್ಲಿ ಹಾಗೇ ಇರೋ ಹಾಗೆ ಮಾಡಿದ್ದು ಕರ್ತರು ಅಂತ ಹೇಳೋಕೆ ಬಂದೆ. ಸ್ಟಾಪರ್ ಹಾಕಿಸದೆ ಬಿಟ್ಟದ್ದು ಯಾರು ಅಂತ ಯಾರೂ ಕೇಳಬಾರದು ಅಂತ ಪ್ರಾರ್ಥನೆಯನ್ನೂ ಮಾಡಿದ್ದೆ. ಅದು ನಾನು. ಈ ತಾಯಿ ಎಷ್ಟೋ ಸಲ ಕೇಳಿದಳು. ನಾನು ಕರ್ತರ ಹೆಸರು ಹೇಳಿ ಕಳಿಸಿದೆ. ಮಗು ಉಳಿದದ್ದು ಅವರ ಕೃಪೆ. ಉಳಿಯದೆ ಹೋಗಿದ್ದರೆ, ಅವರ ಚಿತ್ತ ಅಂತ ಇವಳ ಮುಂದೆ ನಿಂತು ಹೇಳೋ ಬಾಯಿ ನನಗೆ ಎಲ್ಲಿತ್ತು?"

ಇದಕ್ಕೆ ಸ್ತೋತ್ರ ಹೇಳಬೇಕೋ ಬೇಡವೋ ಸಭೆಗೆ ತಿಳಿಯಲಿಲ್ಲ. ಆಗ ಅರ್ಧ ಗಂಟೆಯ ಹಿಂದಷ್ಟೇ ಆ ಮಾತು ಕಲಿತಿದ್ದ ನಮ್ಮ ಅತ್ತೆ, ದನಿಯೆತ್ತಿ, "ಸ್ತೋತ್ರಂ!" ಎಂದರು. ನನಗೆ ನಗು ಬಂತು. ನಗುತ್ತಿದ್ದೇನೆ ಅಂದುಕೊಂಡೆ, ಮಗಳು ತನ್ನ ಕರ್ಚೀಫು ಕೊಟ್ಟಾಗಲೇ ಅಳುತ್ತಿರುವುದು ತಿಳಿದದ್ದು.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಓನರು ಹತ್ತಿರ ಬಂದರು. "ನಾಳೆ ಒಂಬತ್ತಕ್ಕೆ ವೆಲ್ಡರ್... ಕರ್ತರಿಗೆ ಚಿತ್ತವಾದರೆ..." ಎಂದವರು ಹೆಂಡತಿಯ ಮುಖ ನೋಡಿ, "ನಾನೇ ಹೋಗಿ ಗಾಡೀಲಿ ಕೂರಿಸಿಕೊಂಡು ಬರ್ತೀನಿ" ಎಂದು ಮುಗಿಸಿದರು.

ಕೂರಿಸಿಕೊಂಡೇ ಬಂದರು. ಗೇಟನ್ನು ಹಳಿಗೇರಿಸಿ, ಸ್ಟಾಪರ್ ಒಂದರ ಬದಲು ಎರಡು ಹಾಕಿಸಿದರು. ವೆಲ್ಡರ್ ಹೋದ ಮೇಲೆ ಗೇಟನ್ನು ತಾವೇ ಎಳೆದೆಳೆದು ಸ್ಟಾಪರಿಗೆ ಬಡಿದು ನೋಡಿದರು. ಸದ್ದಿಗೆ ಬೀದಿಯವರೆಲ್ಲ ಹೊರಗೆ ಬಂದರು. ನಲ್ಲಿ ತಿರುಗಿಸಲು ಪ್ಲಂಬರ್ ಬಂದಾಗ ನೋಡಿದರೆ, ಅತ್ತೆ ಆಗಲೇ ಅದಕ್ಕೆ ಅರಿಶಿನ ಕುಂಕುಮ ಹಚ್ಚಿಬಿಟ್ಟಿದ್ದರು. ಚರ್ಚಿನ ಹಿರಿಯರ ಅಂಗಳದಲ್ಲಿ! ಓನರು ಬೆಚ್ಚಿಬಿದ್ದು ಹೆಂಡತಿಯನ್ನು ನೋಡಿದರು.

"ತೊಳೆದು ತಿರುಗಿಸಪ್ಪ," ಎಂದರು ಟೀಚರಮ್ಮ ಪ್ಲಂಬರನಿಗೆ. "ಅದು ಅದರ ಕೆಲಸ ಮಾಡಿ ಆಯ್ತು. ಇನ್ನು ನಮ್ಮ ಕೆಲಸ ನಾವು ಮಾಡೋಣ."

ಮಂಗಳವಾರ ಕನಸಿಲ್ಲದ ನಿದ್ದೆಯಿಂದ ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲು ಬಲಿತಿತ್ತು. ಏಳು ನಲವತ್ತರ ಹಾರ್ನ್ ಯಾವಾಗಲೋ ಬಂದು ಹೋಗಿತ್ತು. ಮಗಳು ಬಾಯಿ ತೆರೆದು ಮಲಗಿದ್ದಳು. ಕೆಳಗೆ ಬಗ್ಗಿ ನೋಡಿದೆ: ಗೇಟಿಗೆ ರಾತ್ರಿ ಹಾಕಿದ ಬೀಗ ಹಾಗೆಯೇ ಇತ್ತು, ಹಾಲು ತರುವ ತೂಗುಪಾತ್ರೆ ಜಗಲಿಯಲ್ಲೇ ಖಾಲಿ ಕುಳಿತಿತ್ತು, ಮನೆಯೊಳಗಿನಿಂದ ಓನರ ಗೊರಕೆ ಕೇಳುತ್ತಿತ್ತು.