ಇಪ್ಪತ್ತೊಂದನೆಯ ತೋಟಾ

ಡಾಕ್ಟರ್ ಶಶಿಕಾಂತ ಕಟ್ಟಿ ಜಿಂಕೆಯ ಮಾಂಸ ತಿಂದವರಲ್ಲ, ಜಿಂಕೆಗೆ ಗುರಿಯಿಟ್ಟವರೂ ಅಲ್ಲ. ಚಾತುರ್ಮಾಸ್ಯ ಬಂದರೆ ಈರುಳ್ಳಿಯನ್ನೂ ಹೊಸ್ತಿಲಾಚೆ ನಿಲ್ಲಿಸುವ ಧಾರವಾಡದ ಮಾಳಮಡ್ಡಿಯ ವೈಷ್ಣವರು. ಆದರೂ ಹ್ಯೂಸ್ಟನ್ ಬಳಿಯ ಸ್ಟಾಫರ್ಡಿನ ಅವರ ಮನೆಯ ಗ್ಯಾರೇಜಿನಲ್ಲಿ, ಹೆಂಡತಿ ಅನಸೂಯಾಬಾಯಿಯವರ ಉಪ್ಪಿನಕಾಯಿ ಭರಣಿಗಳ ಎದುರಿಗೆ, ಬೇಟೆಯ ಕೋವಿಗೆ ತೋಟಾ ತಯಾರಿಸುವ ಕೈಯಂತ್ರವೊಂದು ಮೇಜಿಗೆ ಬಿಗಿದುಕೊಂಡು ನಿಂತಿತ್ತು.

ಇದರ ಮೂಲ ಹುಡುಕಿದರೆ ಡಲ್ಲಾಸಿನ ಒಂದು ಪಿತ್ತಕೋಶದವರೆಗೆ ಹೋಗಬೇಕು. ಆ ಪಿತ್ತಕೋಶ ಸಿವಿಲ್ ಎಂಜಿನಿಯರ್ ಮೋಹನರಾಜ ಅರಸು ಅವರದು. ಅದನ್ನು ತೆಗೆದ ದಿನ ಅರವಳಿಕೆ ಕೊಟ್ಟವರು ಕಟ್ಟಿ. ಆಪರೇಷನ್ ಮುಗಿದ ಮೇಲೆ ರೋಗಿಯ ಕಿವಿಯ ಹತ್ತಿರ ಬಾಗಿ ಹೆಸರು ಕೇಳುವುದು ಅವರ ರೂಢಿ. ಹೆಸರು ಬಂದರೆ ಮನುಷ್ಯ ವಾಪಸು ಬಂದನೆಂದು ಲೆಕ್ಕ. ಅಂದು ಕನ್ನಡದಲ್ಲೇ ಕೇಳಿದರು.

"ನಿಮ್ಮ ಹೆಸರು ಹೇಳ್ರಿ."

"ಮೋಹನರಾಜ ಅರಸು, ಪಿರಿಯಾಪಟ್ಟಣ," ಎಂದಿತು ಮುಚ್ಚಿದ ಕಣ್ಣಿನ ದೇಹ. "ಕಾಫಿ ಇದೆಯಾ?"

ಸ್ನೇಹ ಆ ಮಂಚದ ಮೇಲೇ ಕುದುರಿತು. ಮುಂದೆ ಅರಸು ಆಸ್ಟಿನ್ ಬದಿಯ ರೌಂಡ್ ರಾಕಿಗೂ ಕಟ್ಟಿ ಹ್ಯೂಸ್ಟನ್ ಬದಿಯ ಸ್ಟಾಫರ್ಡಿಗೂ ಶಿಫ್ಟ್ ಆದರು. ಸ್ನೇಹ ಹೈವೇಯ ಮೇಲೆ ಓಡಾಡಿಕೊಂಡು ಬಾಳಿತು. ಕಟ್ಟಿಯವರು ನಿವೃತ್ತರಾದಾಗ ಎದೆ ಮುಟ್ಟಿಕೊಂಡು ಹೇಳಬಹುದಾಗಿದ್ದ ಮಾತು ಒಂದೇ: ಅವರು ಮಲಗಿಸಿದವರೆಲ್ಲ ಎದ್ದಿದ್ದರು.

ನಿವೃತ್ತಿಯಾದ ಮೇಲೆ ಅವರ ಕೈಗಳಿಗೆ ಕೆಲಸವಿಲ್ಲದಾಯಿತು. ಹನಿ ಲೆಕ್ಕದಲ್ಲಿ ಜೀವ ಅಳೆದ ಕೈಗಳು ಅಡುಗೆಮನೆಗೆ ನುಗ್ಗಿ ಸಾರಿನ ಪುಡಿಯನ್ನು ಗ್ರಾಂ ಲೆಕ್ಕದಲ್ಲಿ ತೂಗತೊಡಗಿದವು. ಅನಸೂಯಾಬಾಯಿ ತಕ್ಕಡಿಯ ಸಮೇತ ಅವರನ್ನು ಹೊರಗೆ ಹಾಕಿದರು. ಅದೇ ವರ್ಷ ಅಂಗಡಿಗಳಲ್ಲಿ ತೋಟಾ ಸಿಗದಾಯಿತು. ಡಲ್ಲಾಸಿನ ನೆರೆಮನೆಯ ಮುದುಕನೊಬ್ಬ ಸಾಯುವ ಮುಂಚೆ ಕೊಟ್ಟುಹೋಗಿದ್ದ ಹಳೆಯ ಲಿವರ್ ಕೋವಿ ಜಿಂಕೆಬೇಟೆಯ ಹುಚ್ಚಿನ ಅರಸು ಅವರ ಪ್ರಾಣ. ಕೆಳಗಿನ ಲಿವರನ್ನು ಒಮ್ಮೆ ಜಗ್ಗಿ ಬಿಟ್ಟರೆ ಮುಂದಿನ ತೋಟಾ ತಾನೇ ಬಂದು ಕೂರುವ ಜಾತಿಯದು. ಅರಸು ಮನೆಯಲ್ಲೇ ತೋಟಾ ಮಾಡಿಕೊಳ್ಳಲು ಯಂತ್ರ ತಂದರು. ಮೊದಲ ದಿನವೇ ಮದ್ದು ಚೆಲ್ಲಿ, ಹೆಬ್ಬೆರಳು ಜಜ್ಜಿಕೊಂಡು, ಎಲ್ಲವನ್ನೂ ಕಾರಿಗೆ ತುಂಬಿ ಕಟ್ಟಿಯವರ ಬಾಗಿಲಿಗೆ ತಂದಿಳಿಸಿದರು.

ಹೀಗೆ ಅಹಿಂಸೆಯ ಮನೆಯಲ್ಲಿ ಆಯುಧಶಾಲೆ ಸ್ಥಾಪನೆಯಾಯಿತು. ಕೆಲಸದ ಸ್ವರೂಪ ಸರಳ. ಹಿತ್ತಾಳೆಯ ಪುಟ್ಟ ಕೊಳವೆ, ಅದರ ತಳದಲ್ಲಿ ಕಿಡಿ ಕೊಡುವ ಪ್ರೈಮರ್, ಒಳಗೆ ಅಳತೆಯ ಮದ್ದು, ಬಾಯಿಗೆ ಗುಂಡು. ಕಟ್ಟಿಯವರು ಸ್ನಾನ ಮುಗಿಸಿ, ಒಗೆದ ಪಂಚೆಯುಟ್ಟು, ಮೌನದಲ್ಲಿ ಕೂರುತ್ತಿದ್ದರು. ಹಲಗೆಯ ಇಪ್ಪತ್ತು ಕುಳಿಗಳಲ್ಲಿ ಇಪ್ಪತ್ತು ಕೊಳವೆ ನಿಲ್ಲಿಸಿ, ಮದ್ದು ಸುರಿದು, ಪ್ರತಿಯೊಂದರ ಬಾಯೊಳಗೂ ಟಾರ್ಚ್ ಬಿಟ್ಟು ನೋಡಿ, ಆಮೇಲಷ್ಟೇ ಗುಂಡು ಒತ್ತುತ್ತಿದ್ದರು. ನಡುವೆ ಯಾರಾದರೂ ಮಾತಾಡಿಸಿದರೆ ಎಲ್ಲವನ್ನೂ ಸುರಿದು ಮೊದಲಿನಿಂದ ಶುರು.

"ಜಿಂಕಿ ತಿನ್ನಂಗಿಲ್ಲ, ಹೊಡಿಯಂಗಿಲ್ಲ. ಮತ್ತ ಈ ಪಾಪ ಯಾಕ ಹೊರ್ತೀರಿ?" ಎಂದು ಅನಸೂಯಾಬಾಯಿ ಕೇಳಿದ್ದುಂಟು.

"ನಾ ಎಂದರ ಕತ್ತರಿ ಹಿಡದೀನೇನು? ಕೊಯ್ಯವ್ರು ಬ್ಯಾರೆ. ನಾ ಬರೇ ನೋವಾಗದ್ಹಂಗ ನೋಡ್ಕೊಂಡವ. ಮದ್ದು ಸರಿ ಇದ್ರ ಒಂದ ಏಟಿಗೆ ಮುಗೀತದ, ನರಳಾಟ ಇರೂದಿಲ್ಲ."

"ಜಿಂಕಿ ಬಂದು ಥ್ಯಾಂಕ್ಸ್ ಹೇಳಿತೇನು?"

ಕಟ್ಟಿಯವರು ಹಲಗೆಯ ಮದ್ದನ್ನೆಲ್ಲ ಸುರಿದು ಮೊದಲಿನಿಂದ ಶುರು ಮಾಡಿದರು.

ಇನ್ನೊಂದು ಪದ್ಧತಿಯೂ ಇತ್ತು. ಮುಯ್ಯಿ ಮಾಡುವಾಗ ನೂರರ ಮೇಲೊಂದು ಇಡುವ ಮನೆತನ ಅದು. ಇಪ್ಪತ್ತು ತೋಟಾಗಳನ್ನು ಬೋಳಾಗಿ ಹೇಗೆ ಕೊಡುವುದು? ಶುಭಕ್ಕೆಂದು ಒಂದು ಹೆಚ್ಚಿಗೆ ಮಾಡಿ, ಟಿಶ್ಯೂ ಕಾಗದದಲ್ಲಿ ಸುತ್ತಿ, ಡಬ್ಬಿಯ ಮೇಲಿಡುತ್ತಿದ್ದರು. ಅರಸು ಅದನ್ನು ಕಣ್ಣಿಗೊತ್ತಿಕೊಂಡು ಪ್ರತಿ ಸೀಸನ್ನಿನ ಮೊದಲ ಗುಂಡಾಗಿ ಹಾರಿಸುತ್ತಿದ್ದರು.

ಈ ವರ್ಷವೂ ಅರಸು ಸ್ಟಾಫರ್ಡಿಗೆ ಹುರುಳಿಕಾಳು ಕೊಳ್ಳಲು ಬಂದವರು, ಹುರುಳಿಯ ಚೀಲದ ಜೊತೆಗೇ ತೋಟಾದ ಡಬ್ಬಿಯನ್ನೂ ಒಯ್ದರು.

ನವೆಂಬರಿನ ಮೊದಲ ಶನಿವಾರ ಬೇಟೆ ಶುರು. ಆ ಬೆಳಿಗ್ಗೆ ಕಟ್ಟಿಯವರು ಮೇಜು ಒರೆಸಲೆಂದು ತಕ್ಕಡಿಯ ಮೇಲಿನ ಬಟ್ಟೆ ತೆಗೆದರು. ತಟ್ಟೆಯಲ್ಲಿ ಮದ್ದು ಇತ್ತು. ಒಂದು ತೋಟಾದಷ್ಟು, ತೂಗಿಟ್ಟದ್ದು, ಸುರಿಯದೆ ಬಿಟ್ಟದ್ದು.

ನೆನಪಾಯಿತು. ಹಲಗೆಯ ಇಪ್ಪತ್ತೂ ಮುಗಿದು, ಟಾರ್ಚ್ ಪರೀಕ್ಷೆಯೂ ಮುಗಿದು, ವ್ರತ ಸಂಪೂರ್ಣವಾಯಿತೆಂದು ಅವರು ಬಾಯಿ ಬಿಟ್ಟಿದ್ದರು. ಅನಸೂಯಾಬಾಯಿ ಚಹಾ ತಂದು, ಫ್ಲವರ್ ಮೌಂಡ್ ಊರಿನಲ್ಲಿರುವ ಮೊಮ್ಮಗಳು ಇಂಚರಾ ಭರತನಾಟ್ಯ ಬಿಟ್ಟು ಫುಟ್‌ಬಾಲ್ ಸೇರಿದ ಸುದ್ದಿ ಹೇಳುತ್ತಿದ್ದರು. "ಅಯ್ಯ ಇವಳ!" ಎನ್ನುತ್ತ ಕಟ್ಟಿಯವರು ಆ ಶುಭದ ಒಂದನ್ನು ಮಾಡಿದ್ದರು. ಅದಕ್ಕೆ ಹಲಗೆಯಲ್ಲಿ ಕುಳಿಯಿರಲಿಲ್ಲ, ಟಾರ್ಚೂ ಬೀಳಲಿಲ್ಲ.

ಮದ್ದಿಲ್ಲದ ತೋಟಾ ನಿರಪಾಯವೆಂದು ತಿಳಿದವರು ತಿಳಿಯಲಿ. ತಳದ ಕಿಡಿಗೆ ಗುಂಡನ್ನು ಹೊರಗೆಸೆಯುವ ಶಕ್ತಿಯಿಲ್ಲ; ನಳಿಗೆಯೊಳಗೆ ನೂಕಿ ಅಲ್ಲೇ ಸಿಕ್ಕಿಸುವಷ್ಟಿದೆ. ಬೇಟೆಗಾರ ಠುಸ್ಸೆಂದಿತೆಂದು ಬೈದು, ಲಿವರ್ ಜಗ್ಗಿ ಇನ್ನೊಂದು ಹಾರಿಸುತ್ತಾನೆ. ಮುಂದೆ ದಾರಿ ಕಟ್ಟಿರುತ್ತದೆ. ನಳಿಗೆ ಸಿಡಿಯುವುದು ಅವನ ಮುಖದ ಮುಂದೆ.

ಅರಸು ಫೋನ್ ಎತ್ತಲಿಲ್ಲ. ರೌಂಡ್ ರಾಕಿನಿಂದ ಅವರ ಹೆಂಡತಿ ಉಷಾರಾಣಿ ಎತ್ತಿದರು. "ನಿನ್ನೆನೇ ಹೋದ್ರು ಡಾಕ್ಟ್ರೇ. ಆ ಬೇಟೆ ರಾಂಚಲ್ಲಿ, ಗುಡ್ಡಗಾಡಲ್ಲಿ, ಸಿಗ್ನಲ್ ಸಿಗಲ್ಲ. ಯಾಕೆ, ಏನಾಯ್ತು?"

"ನನ್ನ ತೋಟಾ ಒಂದು ಕೆಟ್ಟದರಿ," ಎಂದರು ಕಟ್ಟಿ. ಉಷಾರಾಣಿಯವರ ಮಂಡಿಗೆ ಆಪರೇಷನ್ ಆಗಿ ವಾರವಾಗಿತ್ತು, ಡ್ರೈವ್ ಮಾಡುವಂತಿರಲಿಲ್ಲ. ಕಟ್ಟಿಯವರು ಫೋನ್ ಮಾಡಿದರೆ, ರಾಂಚಿನ ಕಡೆಯ ಪೊಲೀಸ್ ಶೆರಿಫನ ಕಚೇರಿಯವರು, ಆ ಕಡೆ ಹೋಗುವವರಿದ್ದರೆ ಹೇಳಿ ಕಳಿಸುತ್ತೇವೆ ಎಂದರು.

ಫೋನಿನ ಮಾತು ಕೇಳಿಸಿಕೊಂಡಿದ್ದ ಅನಸೂಯಾಬಾಯಿ ಫ್ಲಾಸ್ಕಿಗೆ ಕಾಫಿ ಸುರಿದು ಕೈಗಿತ್ತರು. "ನಾ ಮಾತಾಡಿಸಬಾರದಿತ್ತು."

"ನಾ ಮಾತಾಡಬಾರದಿತ್ತು," ಎಂದರು ಅವರು.

ಗಂಟೆಗೆ ಅರವತ್ತು ಮೈಲಿ ಮೀರಿದರೆ ಧರ್ಮ ಮೀರಿದಂತೆಂದು ನಂಬಿದ್ದ ಆ ಮನುಷ್ಯನ ಹಳೆಯ ಕಾರು ಅಂದು ಪಿಕಪ್ ಟ್ರಕ್ಕುಗಳನ್ನೇ ಹಿಂದಕ್ಕೆ ಹಾಕಿತು. ಆ ಪೌರುಷಕ್ಕೆ ಸಾಕ್ಷಿಯಾಗಿ ಕಾರಿನಲ್ಲಿ ಬೇರೆ ಯಾರೂ ಇರಲಿಲ್ಲ; ಸಾಕ್ಷಿ ಕಟ್ಟಿಯವರಿಗೆ ಬೇಕೂ ಇರಲಿಲ್ಲ. ಹೊಲಗಳು ಕಳೆದು ಸುಣ್ಣಕಲ್ಲಿನ ಗುಡ್ಡಗಳು ಬಂದವು. ಬಾಯಲ್ಲಿ ರಾಯರ ಹೆಸರು, ಮನಸ್ಸಿನಲ್ಲಿ ಒಂದೇ ಭರವಸೆ: ಅರಸು ಮಹಾ ನಿದ್ದೆಗಾರ. ಬೇಟೆಗಾರರು ಅಡಗಿ ಕೂರುವ, ಬ್ಲೈಂಡ್ ಎನ್ನುವ ಮರದ ಗೂಡಿನಲ್ಲಿ ಕೂತು ಮಧ್ಯಾಹ್ನದವರೆಗೆ ಗೊರಕೆ ಹೊಡೆಯುವುದೇ ಅವರ ಬೇಟೆ. ಬದುಕಿನಲ್ಲಿ ಮೊದಲ ಸಲ ಕಟ್ಟಿಯವರು, ಒಬ್ಬ ಮನುಷ್ಯ ಏಳದಿರಲಿ ಎಂದು ಬೇಡಿಕೊಂಡರು.

ರಾಂಚಿನ ಗೇಟು ದಾಟಿದವರೇ ಹಾರ್ನಿನ ಮೇಲೆ ಅಂಗೈ ಒತ್ತಿದರು, ತೆಗೆಯಲಿಲ್ಲ. ಕಲ್ಲುದಾರಿಯುದ್ದಕ್ಕೂ ಹಾರ್ನು ಗೋಳಿಟ್ಟಿತು. ಸುತ್ತಲಿನ ಗೂಡುಗಳಿಂದ ಇಂಗ್ಲಿಷಿನ ಸಹಸ್ರನಾಮ ಹೊರಟಿತು. ದಾರಿ ಮುಗಿದಲ್ಲಿ ಕಾರು ನಿಲ್ಲಿಸಿ, ಜಿಂಕೆಯೆಂದು ಯಾರೂ ತಿಳಿಯದಿರಲೆಂದು ಡಿಕ್ಕಿಯಲ್ಲಿದ್ದ ಕೇಸರಿ ಶಾಲು ಹೊದ್ದರು. ಹ್ಯೂಸ್ಟನ್ನಿನ ಕನ್ನಡ ಸಂಘ ಸನ್ಮಾನಕ್ಕೆ ಹೊದಿಸಿದ್ದ ಜರಿಯಂಚಿನ ಶಾಲು ಅದು. ಅದನ್ನು ಬೀಸುತ್ತ, ಮುಳ್ಳುಪೊದೆಗಳ ನಡುವೆ ಓಡಿದರು.

"ಅರಸು! ಹೊಡೀಬ್ಯಾಡ್ರಿ! ಹೊಡೀಬ್ಯಾಡ್ರಿ!"

ಗೂಡಿನ ಬಾಗಿಲು ತೆರೆಯಿತು. ಅರಸು ಕೋವಿ ಹಿಡಿದೇ ಇಳಿದರು. ಮುಖ ಕೆಂಪಗಿತ್ತು.

"ಕಟ್ಟಿಯವರೇ, ನಿಮಗೇನು ತಲೆ ಕೆಟ್ಟಿದೆಯೇನ್ರೀ? ಎಂಥಾ ಗಂಡು ಕಣ್ರೀ ಅದು! ಕೊಂಬು ನೋಡಿದ್ರೆ ಮೈಸೂರು ಅರಮನೆ ಕಮಾನು! ಮೊದಲ್ನೇದು ನಿಮ್ ಶುಭದ್ದು ಠುಸ್ ಅಂತು, ಅದು ಪೊದೆಗೆ ಹೋಯ್ತು. ಲಿವರ್ ಎಳ್ಕೊಂಡು ಇನ್ನೊಂದು ಹಾಕಿ ಕೂತಿದೀನಿ. ಈಗ ತಾನೇ ತಲೆ ಹೊರಗೆ ಹಾಕ್ತು, ಗುರಿ ಇಟ್ಟೆ, ಅಷ್ಟ್ರಲ್ಲಿ ನಿಮ್ ದರಿದ್ರ ಹಾರ್ನು!"

ಕಟ್ಟಿಯವರು ಅಲ್ಲೇ ನೆಲದ ಮೇಲೆ ಕೂತು ಕೈಚಾಚಿದರು. "ತೋಟಾ ಎಲ್ಲಾ ತಗೀರಿ. ನಳಗಿ ಒರೆಸೂ ಕೋಲು ಹಾಕಿ ನೋಡ್ರಿ."

ಆ ದನಿ ಕೇಳಿ ಅರಸು ಕೋವಿಯನ್ನು ಖಾಲಿ ಮಾಡಿದರು. ಚೀಲದಿಂದ ಕೋಲು ತೆಗೆದು ನಳಿಗೆಯ ಬಾಯಿಂದ ಇಳಿಸಿದರು. ಕೋಲು ಪೂರ್ತಿ ಹೋಗಲಿಲ್ಲ. ಮತ್ತೆ ಒತ್ತಿದರು. ನಿಂತಲ್ಲೇ ನಿಂತಿತು.

ಅಷ್ಟರಲ್ಲಿ ಆ ದೊಡ್ಡ ಗಂಡುಜಿಂಕೆ ತುಸು ದೂರದಲ್ಲಿ ಪೊದೆಯಿಂದ ಹೊರಬಂದು, ಕಿವಿ ನಿಮಿರಿಸಿ, ಶಾಲು ಹೊದ್ದ ಡಾಕ್ಟರನ್ನೂ ಕೋಲು ಹಿಡಿದ ಎಂಜಿನಿಯರನ್ನೂ ಸಾವಕಾಶವಾಗಿ ನೋಡಿ ನಡೆದುಹೋಯಿತು.

"ನಂದ ತಪ್ಪು," ಎಂದರು ಕಟ್ಟಿ. "ಮದ್ದು ಹಾಕಿರಲಿಲ್ಲ. ಮಾತಾಡಕೋತ ಮಾಡಿದೆ."

ಅರಸು ಕೋವಿಯನ್ನು ಮರಕ್ಕೆ ಒರಗಿಸಿ, ಬಂದು ಪಕ್ಕದಲ್ಲಿ ಕೂತರು. ಅವರ ತುಟಿ ಬಿಳುಚಿತ್ತು, ನೋಟ ಎಲ್ಲೋ ನೆಟ್ಟಿತ್ತು. ಕಟ್ಟಿಯವರಿಗೆ ಆ ಮುಖ ಗೊತ್ತಿತ್ತು. ಅಂಥ ಎಷ್ಟೋ ಮುಖಗಳ ಮೇಲೆ ಅವರು ಬಾಗಿದ್ದರು. ಮಣಿಕಟ್ಟು ಹಿಡಿದು ನಾಡಿ ನೋಡಿದರು. ಕಿವಿಯ ಹತ್ತಿರ ಬಾಗಿದರು.

"ನಿಮ್ಮ ಹೆಸರು ಹೇಳ್ರಿ."

ಅರಸು ನಗಲು ಹೋದರು, ಆಗಲಿಲ್ಲ. "ಮೋಹನರಾಜ ಅರಸು," ಎಂದರು. "ಪಿರಿಯಾಪಟ್ಟಣ." ಈ ಸಲ ಕಾಫಿ ಕೇಳಲಿಲ್ಲ.

ಕಟ್ಟಿಯವರು ಮಣಿಕಟ್ಟು ಬಿಟ್ಟು ಎದ್ದು, ಫ್ಲಾಸ್ಕು ತರಲು ಕಾರಿನ ಕಡೆ ನಡೆದರು.